ಸೀಲು ಒತ್ತಲು ಒಪ್ಪದ ಅಕ್ಕ

ಹೋದ ತಿಂಗಳು ನಮ್ಮ ಮದುವೆಯ ಸರ್ಟಿಫಿಕೇಟನ್ನು ಅರಬ್ಬಿಗೆ ತರ್ಜುಮೆ ಮಾಡಿಸಲು ಅಲ್ ಮುರಕ್ಕಬಾತಿನ ಒಂದು ಟೈಪಿಂಗ್ ಸೆಂಟರಿಗೆ, ಅಂದರೆ ಅರ್ಜಿ, ತರ್ಜುಮೆ ಮಾಡಿಕೊಡುವ ಅಂಗಡಿಗೆ, ಹೋಗಿದ್ದೆ. ಹೆಂಡತಿಯ ವೀಸಾಕ್ಕೆ ಅದು ಬೇಕಿತ್ತು. ಈಗ ದುಬೈಯಲ್ಲಿ ಮುಕ್ಕಾಲು ಪಾಲು ಕೆಲಸ ಫೋನಿನಲ್ಲೇ ಮುಗಿಯುತ್ತದೆ, ಕಾಗದ ಹಿಡಿದು ಓಡಾಡುವವರು ಕಡಿಮೆ. ಕೌಂಟರಿನ ಹೆಂಗಸು ಕೆಳಗಿನ ಡ್ರಾಯರಿನಿಂದ ಒಂದು ಹಳೆಯ ಸ್ಟಾಂಪ್ ಪ್ಯಾಡ್ ತೆಗೆದು ಮುಚ್ಚಳ ಬಿಚ್ಚಿದಳು. ನೇರಳೆ ಶಾಯಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತುಹೋಯಿತು. "ಸಾರ್, ಕಾಗದ ತಗೊಳ್ಳಿ" ಎಂದು ಅವಳು ಎರಡು ಸಲ ಹೇಳಬೇಕಾಯಿತು. ನಾನು ಅಷ್ಟು ಹೊತ್ತಿಗೆ ಬೇರೆಲ್ಲೋ ಇದ್ದೆ... ಒಂದು ಉದ್ದನೆಯ ಕಾರಿಡಾರಿನಲ್ಲಿ, ಕಬ್ಬಿಣದ ಬೆಂಚಿನ ಮೇಲೆ, ಪಕ್ಕದಲ್ಲೊಬ್ಬ ಪೊಲೀಸ್.

ಇದನ್ನೆಲ್ಲ ಬರೆಯಬೇಡ ಎಂದವರಿದ್ದಾರೆ. ಊರಿನ ಅಣ್ಣ ಹೇಳಿದ, ಇಲ್ಲಿರುವ ನಮ್ಮ ಊರವರ ಸಂಘದ ಹಿರಿಯರು ಹೇಳಿದರು, ಒಮ್ಮೆ ಪಾದ್ರಿಗಳೂ ಹೇಳಿದರು. ಆಗಿಹೋದದ್ದನ್ನು ಕೆದಕುವುದು ಯಾಕೆ ಎಂಬುದು ಎಲ್ಲರ ಮಾತು. ನಾನು ಕೆದಕುತ್ತಿಲ್ಲ. ನನ್ನನ್ನು ಜೈಲಿನ ಬಾಗಿಲಿನಿಂದ ಆಸ್ಪತ್ರೆಯ ಬಾಗಿಲಿಗೆ ತಿರುಗಿಸಿದ ಒಬ್ಬ ಹೆಂಗಸಿನ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ನಾಚಿಕೊಳ್ಳಬೇಕಾದ ಕಾರಣ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಜುಮೇರಾ ಲೇಕ್ ಟವರ್ಸ್ ಬಳಿಯ ಒಂದು ಹೋಟೆಲಿನಲ್ಲಿ ಬ್ಯಾಂಕ್ವೆಟ್ ಕೆಲಸಕ್ಕಿದ್ದೆ. ಮದುವೆ, ಮೀಟಿಂಗ್, ಮತ್ತೆ ಮದುವೆ. ದುಂಡು ಮೇಜುಗಳನ್ನು ಉರುಳಿಸಿಕೊಂಡು ಹೋಗುವುದು, ಕುರ್ಚಿಗಳನ್ನು ಹತ್ತತ್ತರ ಹಾಗೆ ಪೇರಿಸಿ ಎತ್ತುವುದು. ಒಂದು ದಿನ ಮೇಜಿನ ಜೊತೆಗೆ ನಾನೂ ಮೆಟ್ಟಿಲಿನಿಂದ ಜಾರಿದೆ. ಸೊಂಟ ಮತ್ತೆ ಸರಿಯಾಗಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ಮುಗಿದ ಮೇಲೆ ಒಬ್ಬ ಸ್ನೇಹಿತ ಬೇರೆ ಮಾತ್ರೆ ತಂದುಕೊಟ್ಟ. ಡಾಕ್ಟರ ಚೀಟಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲದ ಮಾತ್ರೆ. ಮೊದಲು ನೋವಿಗೆ ನುಂಗಿದೆ. ಆಮೇಲೆ ಕೆಲಸಕ್ಕೆ ಹೋಗಲು ನುಂಗಿದೆ. ಕೊನೆಗೆ ಹಾಸಿಗೆಯಿಂದ ಏಳಲು ನುಂಗಬೇಕಾಯಿತು... ಅಷ್ಟು ಹೊತ್ತಿಗೆ ಸೊಂಟದ ನೋವು ಇತ್ತೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಸಿಕ್ಕಿಬಿದ್ದದ್ದು ಮೆಟ್ರೋ ಸ್ಟೇಷನ್ನಿನ ಹೊರಗೆ, ನಡುಮಧ್ಯಾಹ್ನ. ಬೆವರುತ್ತಿದ್ದ ನನ್ನನ್ನು ಕಂಡು ಪೊಲೀಸರು ಚೀಲ ಬಿಚ್ಚಿಸಿದರು, ಒಳಗೆ ಒಂದೂವರೆ ಪಟ್ಟಿ ಮಾತ್ರೆ. ಠಾಣೆಯಲ್ಲಿ ವಿಚಾರಣೆ ಫೋನಿನ ಮೂಲಕ ನಡೆಯಿತು. ಒಂದು ಖಾಸಗಿ ಭಾಷಾಂತರ ಕಚೇರಿಯವನು ಆ ಕಡೆಯಿಂದ ಹಿಂದಿಯಲ್ಲಿ ಕೇಳುತ್ತಿದ್ದ, ನಾನು ನನ್ನ ಹರಕು ಹಿಂದಿಯಲ್ಲಿ ಉತ್ತರಿಸುತ್ತಿದ್ದೆ. ಲೈನು ಕರಕರ ಎನ್ನುತ್ತಿತ್ತು. ಮಾತ್ರೆ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ "ದೋಸ್ತ್ ಕಾ ಪಾಸ್ ಲೇತಾ ಥಾ" ಎಂದೆ. ಸ್ನೇಹಿತನಿಂದ ತೆಗೆದುಕೊಳ್ಳುತ್ತಿದ್ದೆ ಎಂದು ನನ್ನ ಅರ್ಥ. ಅವನ ಕಿವಿಗೆ ಬಿದ್ದದ್ದು "ದೋಸ್ತ್ ಕೋ ದೇತಾ ಥಾ." ಸ್ನೇಹಿತನಿಗೆ ಕೊಡುತ್ತಿದ್ದೆ. ಲೇತಾ ಹೋಗಿ ದೇತಾ, ಒಂದು ಅಕ್ಷರದ ವ್ಯತ್ಯಾಸ. ನುಂಗುವವನಿಗೆ ಚಿಕಿತ್ಸೆ ಕೊಡಿಸುವ ದಾರಿ ಇಲ್ಲಿನ ಹೊಸ ಕಾನೂನಿನಲ್ಲಿ ಇದೆ. ಹಂಚುವವನಿಗೆ ಜೈಲು. ನಾನು ಅದೊಂದೂ ಗೊತ್ತಿಲ್ಲದೆ, ಅರಬ್ಬಿಯಲ್ಲಿದ್ದ ಕಾಗದಕ್ಕೆ ಸೈನ್ ಹಾಕಿದೆ.

ಕೆಲವು ದಿನ ಕಳೆದು ನನ್ನನ್ನು ನಿಯಾಬಾಕ್ಕೆ ಕರೆತಂದರು. ಪ್ರಾಸಿಕ್ಯೂಷನ್ ಕಚೇರಿಗೆ ಇಲ್ಲಿ ನಾವು ಹಾಗೆನ್ನುತ್ತೇವೆ. ಕಸ್ಟಡಿಯಲ್ಲಿದ್ದ ಒಬ್ಬ ನನಗೆ ಬುದ್ಧಿ ಹೇಳಿದ್ದ, ಎಲ್ಲದಕ್ಕೂ ಹೂಂ ಅನ್ನು, ಬೇಗ ಮುಗಿಯುತ್ತದೆ. ನನಗೂ ಬೇಗ ಮುಗಿಯುವುದೊಂದೇ ಬೇಕಿತ್ತು. ಮೈಯ ಪ್ರತಿ ಎಲುಬು ಬೇರೆ ಬೇರೆಯಾಗಿ ನೋಯುತ್ತಿತ್ತು.

ಒಳಗೆ ಕಂದೂರಾ ಎಂಬ ಬಿಳಿ ನಿಲುವಂಗಿ ತೊಟ್ಟ ಎಳೆ ಪ್ರಾಯದ ಪ್ರಾಸಿಕ್ಯೂಟರ್, ಕಂಪ್ಯೂಟರಿನ ಹಿಂದೆ ಒಬ್ಬ ಗುಮಾಸ್ತ. ಪಕ್ಕದ ಕುರ್ಚಿಯಲ್ಲಿ ತರ್ಜುಮೆಗೆ ಬಂದ, ಕಪ್ಪು ಅಬಾಯಾ ಹಾಕಿದ, ಐವತ್ತು ದಾಟಿದ ಒಬ್ಬ ಹೆಂಗಸು. ಮೂಗಿನ ತುದಿಗೆ ಕನ್ನಡಕ, ತೊಡೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ, ಅದರಲ್ಲಿ ತರ್ಜುಮೆ ಸರಿ ಇದೆ ಎಂದು ಒತ್ತುವ ಸೀಲು ಮತ್ತು ಸ್ಟಾಂಪ್ ಪ್ಯಾಡ್. ನನ್ನ ಪಾಸ್‌ಪೋರ್ಟಿನ ಪ್ರತಿ ನೋಡಿ ಅವರು ತಲೆ ಎತ್ತಿದರು.

"ಮೂಡಬಿದ್ರೆ ಕಡೆಯವರಾ? ಕನ್ನಡ ಬರ್ತದಲ್ಲ?"

ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಕೇಳಿದ ಕನ್ನಡ ಅದು. ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. "ಅಳುದು ಆಮೇಲೆ. ಈಗ ಕೇಳಿ" ಎಂದು ಠಾಣೆಯ ಹೇಳಿಕೆಯನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳತೊಡಗಿದರು. ಸ್ನೇಹಿತನಿಗೆ ಕೊಡುತ್ತಿದ್ದೆ ಎಂಬ ಸಾಲು ಬಂದಾಗ ನಾನು ಹೂಂ ಎಂದೆ. ಹೂಂ ಎಂದ ಮೇಲೆ ನನಗೇ ತಿಳಿಯದ ಹಾಗೆ ತುಟಿಯಲ್ಲಿ ನನ್ನ ಮನೆಮಾತು ಕೊಂಕಣಿ ಬಂತು. "ಹಾಂವೆಂ ಕೊಣಾಕ್ ದೀಂವ್ಕ್ ನಾ..." ನಾನು ಯಾರಿಗೂ ಕೊಟ್ಟಿಲ್ಲ ಎಂದು. ಯಾರಿಗೆ ಹೇಳಿದೆನೋ, ಬಹುಶಃ ಸತ್ತುಹೋದ ಅಮ್ಮನಿಗೆ.

ತರ್ಜುಮೆಯ ಅಕ್ಕ ಓದುವುದನ್ನು ನಿಲ್ಲಿಸಿದರು. ಅವರು ಭಟ್ಕಳದವರು ಎಂದು ನನಗೆ ತಿಳಿದದ್ದು ಆಗ. ಅವರ ಮನೆಮಾತು ನವಾಯತಿ ನನ್ನ ಕೊಂಕಣಿಗೆ ತೀರ ಹತ್ತಿರದ ಬಳಗ. ಅವರು ಅದೇ ಮಾತಿನಲ್ಲಿ, ನಿಧಾನವಾಗಿ, ತೆಗೆದುಕೊಂಡಿರೋ ಕೊಟ್ಟಿರೋ ಎಂದು ಕೇಳಿದರು. ನಮ್ಮ ಮಾತಿನಲ್ಲಿ ಘೆತ್ಲೆಂ, ದಿಲೆಂ ಎಂಬ ಆ ಎರಡು ಪದಗಳು ಯಾರ ಕಿವಿಯಲ್ಲೂ ಬೆರೆಯಲು ಸಾಧ್ಯವಿಲ್ಲ. "ಹಾಂವೆಂ ಘೆತ್ಲೆಂ" ಎಂದೆ. ನಾನು ತೆಗೆದುಕೊಂಡೆ.

ಅವರು ಪ್ರಾಸಿಕ್ಯೂಟರಿನತ್ತ ತಿರುಗಿ ಅರಬ್ಬಿಯಲ್ಲಿ ಏನೋ ಹೇಳಿದರು. ಆತ ಹುಬ್ಬು ಗಂಟಿಕ್ಕಿದ. ಅವರು ಮತ್ತೆ ಹೇಳಿದರು, ದನಿ ಏರಿಸದೆ. ಗುಮಾಸ್ತನ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಪ್ರಾಸಿಕ್ಯೂಟರ್ ಕೇಳಿದ ಪ್ರಶ್ನೆಯನ್ನು ಅವರು ನನಗೆ ದಾಟಿಸಿದರು. "ಮೊದಲು ಹೂಂ ಅಂದದ್ದು ಯಾಕೆ ಅಂತ ಕೇಳ್ತಿದ್ದಾರೆ." "ಹೆದರಿ" ಎಂದೆ. ಆ ಒಂದು ಪದವನ್ನು ಅವರು ಅಷ್ಟೇ ಚಿಕ್ಕದಾಗಿ ಅರಬ್ಬಿಗೆ ತಿರುಗಿಸಿದರು. ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಎಂದು ಆತ ಪೊಲೀಸನಿಗೆ ಸನ್ನೆ ಮಾಡಿದ.

ಅದೇ ಆ ಕಾರಿಡಾರಿನ ಬೆಂಚು. ಕಾಗದಗಳ ಕಟ್ಟು ಹಿಡಿದು ಒಬ್ಬ ಗಡಿಬಿಡಿಯಲ್ಲಿ ಬಂದ. ಅಕ್ಕನನ್ನು ಕಳಿಸಿದ ಭಾಷಾಂತರ ಕಚೇರಿಯ ಮ್ಯಾನೇಜರ್. ಠಾಣೆಗೆ ಫೋನಿನಲ್ಲಿ ಮಾತಾಡಿದವನೂ ಅವನ ಕೈಕೆಳಗಿನವನೇ. ಅಕ್ಕನನ್ನು ಹೊರಗೆ ಕರೆದ, ಇಬ್ಬರೂ ನನ್ನಿಂದ ನಾಲ್ಕು ಮಾರು ದೂರದಲ್ಲಿ ನಿಂತು ಹಿಂದಿಯಲ್ಲಿ ಮಾತಾಡಿದರು. ನನ್ನ ಹಿಂದಿ ಹರಕಾದರೂ ಆವತ್ತಿನ ಒಂದೊಂದು ಮಾತೂ ಅರ್ಥವಾಯಿತು.

"ಅವನೇ ಹೂಂ ಅಂದಿದ್ದಾನೆ, ಸೈನೂ ಹಾಕಿದ್ದಾನೆ. ಹಳೆ ತರ್ಜುಮೆ ಸರಿ ಇದೆ ಅಂತ ನೀವು ಸೀಲು ಒತ್ತಿ, ಖಲಾಸ್" ಎಂದ ಮ್ಯಾನೇಜರ್.

"ಅವನು ಹೆದರಿ ಹೂಂ ಅಂದ. ಹೆದರಿಕೆಗೆ ನಾನು ಸೀಲು ಒತ್ತುವುದಿಲ್ಲ."

"ಮೇಡಂ, ತಪ್ಪು ನಮ್ಮದು ಅಂತಾದರೆ ನಮಗೆ ಇಲ್ಲಿ ಇನ್ನು ಕೆಲಸ ಸಿಗುವುದಿಲ್ಲ. ಒಬ್ಬ ನಶೆಯವನಿಗಾಗಿ..."

"ನಶೆಯವನ ಮಾತೂ ಮಾತೇ."

"ಹಾಗಾದರೆ ನಾಳೆಯಿಂದ ನಿಮಗೆ ಕೆಲಸ ಮಾಫಿ."

"ಮಾಫಿ ಅಂದರೆ ಮಾಫಿ" ಎಂದರು ಅಕ್ಕ. ಇಲ್ಲಿನ ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ ಎಂದು. ಸೀಲಿನ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದರು. ಬಾಗಿಲು ಹಾಕುವ ಮೊದಲು ನನ್ನತ್ತ ನೋಡಲೂ ಇಲ್ಲ.

ಆಮೇಲೆ ಒಳಗೆ ಏನಾಯಿತೋ ನಾನು ಕಂಡಿಲ್ಲ. ಕಂಡದ್ದು ಇಷ್ಟು. ಒಂದು ವಾರ ಬಿಟ್ಟು ನನ್ನನ್ನು ಮತ್ತೆ ಕರೆದರು. ಆ ಫೋನ್ ಮಾತಿನ ರೆಕಾರ್ಡಿಂಗನ್ನು ಪ್ರಾಸಿಕ್ಯೂಟರ್ ತರಿಸಿಕೊಂಡು ಕೇಳಿದ್ದರು, ಬೇರೊಬ್ಬ ಭಾಷಾಂತರಕಾರರಿಂದಲೂ ಕೇಳಿಸಿದ್ದರು. "ಲೇತಾ" ಎಂಬುದೇ ಖಚಿತವಾಗಿತ್ತು. ಆವತ್ತು ಅವರ ಮುಖದಲ್ಲಿ ಗಂಟು ಇರಲಿಲ್ಲ. ಅಕ್ಕನೇ ಬರಬೇಕೆಂದು ಪ್ರಾಸಿಕ್ಯೂಟರೇ ಹೇಳಿಕಳಿಸಿದ್ದರಂತೆ. ಅಕ್ಕನ ಮೂಲಕ ಆತ ನನ್ನನ್ನು ಕೇಳಿದ ಪ್ರಶ್ನೆ ಇನ್ನೂ ನೆನಪಿದೆ. "ಇದನ್ನು ಬಿಡಬೇಕು ಅಂತ ನಿಮಗೇ ಅನಿಸಿದೆಯಾ ಅಥವಾ ಜೈಲು ಬೇಡ ಅಂತ ಅನಿಸಿದೆಯಾ?" ನಾನು ಎರಡೂ ಎಂದೆ. ಆತ ಸಣ್ಣಗೆ ನಕ್ಕ ಹಾಗಾಯಿತು. ನನ್ನನ್ನು ಕೋರ್ಟಿಗೆ ಕಳಿಸುವ ಬದಲು ಚಿಕಿತ್ಸಾ ಕೇಂದ್ರಕ್ಕೆ ಕಳಿಸುವ ಆದೇಶಕ್ಕೆ ಸಹಿ ಬಿತ್ತು. ಆ ಕಾಗದದ ತರ್ಜುಮೆಗೆ ಅಕ್ಕ ಸೀಲು ಒತ್ತಿದರು, ಮೇಜು ಅಲುಗುವಷ್ಟು ಬಲವಾಗಿ.

ಚಿಕಿತ್ಸಾ ಕೇಂದ್ರದ ಮೊದಲ ವಾರಗಳ ಬಗ್ಗೆ ಹೆಚ್ಚು ಬರೆಯಲಾರೆ. ಮೈಯೊಳಗೆ ಇರುವೆ ಹರಿದ ಹಾಗೆ, ನಿದ್ದೆ ಇಲ್ಲ, ಅನ್ನದ ವಾಸನೆ ಬಂದರೆ ವಾಂತಿ... ಡಾಕ್ಟರು ಒಳ್ಳೆಯವರು, ಆದರೆ ಅವರ ಇಂಗ್ಲಿಷು ನನ್ನ ಒಳಗಿನ ತನಕ ಇಳಿಯುತ್ತಿರಲಿಲ್ಲ. ನನ್ನ ಇಂಗ್ಲಿಷು "ಯೆಸ್ ಸರ್, ವೆಲ್‌ಕಮ್ ಮೇಡಂ" ಎಂಬಲ್ಲಿಗೇ ಮುಗಿಯುತ್ತಿತ್ತು. ಮೂರನೆಯ ಶನಿವಾರ ನೋಡಿದರೆ ಕೌನ್ಸೆಲಿಂಗ್ ಕೋಣೆಯಲ್ಲಿ ಅಕ್ಕ ಕೂತಿದ್ದಾರೆ. ಕೇಂದ್ರದವರ ಅನುಮತಿ ಕೇಳಿ ತಾವಾಗಿಯೇ ಬಂದಿದ್ದರು. ಅಷ್ಟು ಹೊತ್ತಿಗೆ ಮ್ಯಾನೇಜರ್ ಹೇಳಿದಂತೆ ಮಾಡಿದ್ದ. ಆ ಕಚೇರಿಯ ಕೆಲಸ ಹೋಗಿ, ಅವರು ದೇರಾದ ಒಂದು ಟೈಪಿಂಗ್ ಸೆಂಟರಿನಲ್ಲಿ ಜನನ ಪತ್ರ, ಡಿಗ್ರಿ ಪತ್ರಗಳ ತರ್ಜುಮೆಗೆ ಕೂತಿದ್ದರು.

ನಾನು ಮೇಡಂ ಎನ್ನುವುದನ್ನು ಬಿಟ್ಟು ಅಕ್ಕ ಎನ್ನತೊಡಗಿದ್ದು ಆ ಶನಿವಾರದಿಂದ. ಅವರು ಮಾತ್ರ ಕೊನೆಯ ತನಕ ನನ್ನನ್ನು ನೀವು ಎಂದೇ ಕರೆದರು.

ಒಮ್ಮೆ ಕೇಳಿದೆ, "ನಿಮ್ಮ ಕೆಲಸ ನನ್ನಿಂದ ಹೋಯಿತಲ್ಲ ಅಕ್ಕ. ಯಾಕೆ ಇಷ್ಟೆಲ್ಲ? ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ...?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎಲ್ಲರೂ ಇದನ್ನೇ ಕೇಳ್ತಾರೆ. ನಾನು ನನ್ನ ಕೆಲಸ ಸರಿಯಾಗಿ ಮಾಡ್ಲಿಕ್ಕೆ ನನ್ನ ಮನೆಯಲ್ಲಿ ಯಾರಾದರೂ ಸಾಯಬೇಕಾ?"

ಆಮೇಲೆ ನಾನು ಆ ಪ್ರಶ್ನೆಯನ್ನು ಯಾರಿಗೂ ಕೇಳಿಲ್ಲ.

ಊರಲ್ಲಿ ಹೆಂಡತಿಗೆ ನಾನು ಸುಳ್ಳು ಹೇಳಿದ್ದೆ, ಅಬುಧಾಬಿಯಲ್ಲಿ ಕಂಪೆನಿಯ ಟ್ರೇನಿಂಗ್, ಫೋನ್ ಕೈಯಲ್ಲಿರುವುದಿಲ್ಲ ಎಂದು. ಅವಳಿಗೆ ನೀವೇ ಒಂದು ಮಾತು ಹೇಳಿ, ಹೆಂಗಸರು ಹೆಂಗಸರು ಮಾತಾಡಿದರೆ ಸುಲಭ ಎಂದು ಅಕ್ಕನನ್ನು ಗೋಗರೆದೆ. "ಅರಬ್ಬಿಗೆ ಬೇಕಾದರೆ ಮಾಡಿಕೊಡ್ತೇನೆ, ಇಂಗ್ಲಿಷಿಗೂ ಮಾಡ್ತೇನೆ. ಗಂಡನ ಮಾತು ಹೆಂಡತಿಗೆ ತರ್ಜುಮೆ ಮಾಡುವ ಕೆಲಸ ನನಗೆ ಬೇಡ. ನೀವೇ ಹೇಳಿ" ಎಂದು ನನಗೆ ಸಿಕ್ಕಿದ್ದ ಹತ್ತು ನಿಮಿಷದ ಫೋನನ್ನು ಮುಂದೆ ತಳ್ಳಿದರು. ಹೇಳಿದೆ. ಹೆಂಡತಿ ಫೋನಿಟ್ಟಳು. ಮುಂದಿನ ವಾರ ನಾನೇ ಮಾಡಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಊಟ ಸರಿಯಾಗಿ ಕೊಡ್ತಾರಾ?"

ಬೇರೆಯವರು ಅಷ್ಟು ದೊಡ್ಡ ಮನಸ್ಸಿನವರಾಗಿರಲಿಲ್ಲ. ನಾನಿದ್ದ ರೂಮಿನವರು ನನ್ನ ಸೂಟ್‌ಕೇಸನ್ನು ಲಿಫ್ಟಿನ ಪಕ್ಕ ಇಟ್ಟಿದ್ದರು. ಸಂಘದ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದಿದ್ದರು. ಹೊರಬಂದ ಮೇಲೆ ಒಂದು ಲಾಂಡ್ರಿ ಕಂಪೆನಿಯಲ್ಲಿ ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಕೊಡಬೇಕು, ಕೌನ್ಸೆಲರನ್ನು ಕಾಣಬೇಕು ಎಂಬ ಷರತ್ತು ಇತ್ತು. ಕೇಸು ಇನ್ನೂ ಮುಚ್ಚಿರಲಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಟ್ಟರೆ ಈ ಇಡೀ ಬರಹ ಸುಳ್ಳಾಗುತ್ತದೆ. ಎರಡನೆಯ ತಿಂಗಳಲ್ಲಿ ನಾನು ಮತ್ತೆ ಒಂದು ಮಾತ್ರೆ ನುಂಗಿದೆ. ಅದೇ ಹಳೆಯ ಸ್ನೇಹಿತ ರಸ್ತೆಯಲ್ಲಿ ಸಿಕ್ಕಿದ, ಸೊಂಟ ಹೇಗಿದೆ ಎಂದು ಕೇಳಿದ, ಅಷ್ಟೇ ಸಾಕಾಯಿತು. ಮರುದಿನ ಪರೀಕ್ಷೆ. ಟೈಪಿಂಗ್ ಸೆಂಟರಿಗೆ ಓಡಿದೆ. ಅಕ್ಕ ಗ್ರಾಹಕರನ್ನು ಕಳಿಸಿ ಕೇಳಿಸಿಕೊಂಡರು. ಬೈಯಲಿಲ್ಲ.

"ನನಗೆ ಹೇಳಿದಿರಿ. ಈಗ ಇದನ್ನೇ ಕೌನ್ಸೆಲರಿಗೆ ಹೇಳಿ."

"ನೀವು ಸ್ವಲ್ಪ ಹಗುರ ಮಾಡಿ ಹೇಳ್ಬಹುದಲ್ಲ ಅಕ್ಕ. ಜ್ವರಕ್ಕೆ ಏನೋ ತಿಂದೆ ಅಂತ..."

ಆಗ ಅವರಿಗೆ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ಕಂಡದ್ದು ಆ ಒಂದೇ ಸಲ. "ಆವತ್ತು ನಿಮ್ಮ ಮಾತು ನೀವು ಹೇಳಿದ ಹಾಗೇ ಹೋಗಬೇಕು ಅಂತ ನಾನು ಜಗಳ ಮಾಡಿದೆ. ಇವತ್ತು ನಾನೇ ಅದನ್ನ ತಿರುಚಿದ್ರೆ ಆವತ್ತಿನದ್ದೂ ಸುಳ್ಳಾಗ್ತದೆ. ನಾನು ನಿಮ್ಮ ಪಕ್ಷ ಅಂತ ತಿಳ್ಕೊಂಡಿದ್ದೀರಾ? ಅಲ್ಲ. ನಾನು ನಿಮ್ಮ ಮಾತಿನ ಪಕ್ಷ."

ಮರುದಿನ ಕೌನ್ಸೆಲರ ಮುಂದೆ ನಾನು ಆದದ್ದನ್ನು ಆದ ಹಾಗೆ ಹೇಳಿದೆ. ಅಕ್ಕ ಪದ ಬಿಡದೆ ಅದನ್ನು ದಾಟಿಸಿದರು. ಕೌನ್ಸೆಲರ್ ಎಲ್ಲ ಬರೆದುಕೊಂಡು, ನಿಯಾಬಾಕ್ಕೆ ವರದಿ ಕಳಿಸಿದರು. ಪ್ರಾಸಿಕ್ಯೂಟರ್ ನನ್ನನ್ನು ಕರೆಸಿ, ಪರೀಕ್ಷೆಗೆ ಮೊದಲೇ ತಾನಾಗಿ ಹೇಳಿದ್ದಾನೆ ಎಂದು ಫೈಲಿನಲ್ಲಿ ಓದಿ, ಚಿಕಿತ್ಸೆಯ ಅವಧಿಯನ್ನು ಹೆಚ್ಚಿಸಿದರು. ಜೈಲಿಗೆ ಕಳಿಸಲಿಲ್ಲ. ನಾನು ಮತ್ತೆ ಕೇಂದ್ರದೊಳಗೆ ಹೋದೆ, ಮತ್ತೆ ಹೊರಬಂದೆ. ಆಮೇಲೆ ಒಂದು ಮಾತ್ರೆಯನ್ನೂ ಮುಟ್ಟಿಲ್ಲ. ಕೇಸು ಮುಚ್ಚಿದ ಕಾಗದ ಕೈಗೆ ಬಂದ ದಿನ ಅದನ್ನು ತೋರಿಸಲು ಹೋದಾಗ ಅಕ್ಕ ಅದರಲ್ಲಿ ಒಂದು ಕಾಗುಣಿತದ ತಪ್ಪು ಹುಡುಕಿ ಗೊಣಗಿದರು. ಅದೇ ಅವರ ಅಭಿನಂದನೆ.

ಅವರು ತೀರಿಕೊಂಡದ್ದು ನನಗೆ ಗೊತ್ತಾಗುವಾಗ ಎರಡು ತಿಂಗಳು ಕಳೆದಿತ್ತು. ಟೈಪಿಂಗ್ ಸೆಂಟರಿನ ಅವರ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಹೃದಯದ ತೊಂದರೆ ಇತ್ತಂತೆ. ನನಗೆ ಅದನ್ನೂ ಹೇಳಿರಲಿಲ್ಲ. ವಿಳಾಸ ಕೇಳಿಕೊಂಡು ಮಿರ್ದಿಫ್‌ನಲ್ಲಿದ್ದ ಅವರ ಮಗಳ ಮನೆಗೆ ಹೋದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. "ಸಾರಿ ಅಂಕಲ್, ಮಮ್ಮಿ ನಿಮ್ಮ ಬಗ್ಗೆ ಯಾವತ್ತೂ ಹೇಳಿಲ್ಲ" ಎಂದಳು. ಒಂದು ಕ್ಷಣ ಎದೆ ಚುರುಕ್ಕೆಂದಿತು. ಆಮೇಲೆ ತಿಳಿಯಿತು. ನನ್ನ ಕಥೆ ನನ್ನದು, ಅದನ್ನು ಹೇಳುವ ಹಕ್ಕೂ ನನ್ನದು ಎಂದು ಅವರು ಮನೆಯಲ್ಲಿ ಕೂಡ ಬಾಯಿ ಬಿಟ್ಟಿರಲಿಲ್ಲ. ಮಮ್ಮಿ ಅಷ್ಟು ಒಳ್ಳೆಯ ಕಚೇರಿ ಬಿಟ್ಟು ಟೈಪಿಂಗ್ ಸೆಂಟರಿಗೆ ಯಾಕೆ ಹೋದರು ಎಂಬುದು ಆ ಮಗಳಿಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ನಾನು ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಅವಳು ಅತ್ತಳು. ಆಮೇಲೆ ಅಮ್ಮನ ಹಾಗೆಯೇ ಕನ್ನಡಕ ತೆಗೆದು, ಊಟ ಮಾಡಿಕೊಂಡೇ ಹೋಗಬೇಕು ಎಂದಳು.

ನಮ್ಮ ಸಂಘದ ಗುಂಪಿಗೆ ನನ್ನನ್ನು ಈಗ ಮತ್ತೆ ಸೇರಿಸಿಕೊಂಡಿದ್ದಾರೆ. ಇತ್ತೀಚೆಗೆ ಅಲ್ಲಿ ಯಾರೋ ಮಾತ್ರೆಯ ಕೇಸಿನಲ್ಲಿ ಸಿಕ್ಕಿದ ನಮ್ಮ ಕಡೆಯವನೊಬ್ಬನ ಫೋಟೋ ಹಾಕಿ ಊರಿನ ಮಾನ ಹೋಯಿತು ಎಂದು ಬರೆದರು. ಕೆಳಗೆ ಸಾಲು ಸಾಲು ಉಗುಳು. ನಾನು ಬರೆದೆ, "ನಾನೂ ಇವನ ಹಾಗೆಯೇ ಇದ್ದವನು. ಮನೆಯಲ್ಲಿ ಯಾರಾದರೂ ಹೀಗಿದ್ದರೆ ಸಿಕ್ಕಿಬೀಳುವ ತನಕ ಕಾಯಬೇಡಿ. ಅವರಾಗಿ ಹೋಗಿ ಚಿಕಿತ್ಸೆ ಕೇಳಿದರೆ, ಅಥವಾ ತಂದೆ ತಾಯಿ ಹೋಗಿ ಕೇಳಿದರೆ, ಕೇಸು ಹಾಕುವುದಿಲ್ಲ. ದಾರಿ ಗೊತ್ತಿಲ್ಲದವರು ನನಗೆ ಫೋನ್ ಮಾಡಿ." ಮೂವರು ಗುಂಪು ಬಿಟ್ಟು ಹೋದರು. ಹಿರಿಯರೊಬ್ಬರು ಅದನ್ನು ಅಳಿಸು ಎಂದರು. ಅಳಿಸಲಿಲ್ಲ. ಮೂರನೆಯ ದಿನ ಒಬ್ಬ ತಂದೆ ಫೋನ್ ಮಾಡಿದರು, ದನಿ ತಗ್ಗಿಸಿ, ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು.

ಮೊನ್ನೆ ಅವರನ್ನೂ ಮಗನನ್ನೂ ಚಿಕಿತ್ಸಾ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ. ಮಗ ನಮ್ಮಿಬ್ಬರ ನಡುವೆ ತಲೆ ತಗ್ಗಿಸಿ ಕೂತಿದ್ದ. ಹೆಸರು ಕರೆದಾಗ ತಂದೆ ನನ್ನ ಕೈ ಹಿಡಿದುಕೊಂಡರು. "ನೀವೂ ಬನ್ನಿ ಮಾರಾಯ್ರೆ. ನನಗೆ ಎಂತ ಹೇಳುದು ಅಂತ ಗೊತ್ತಾಗುದಿಲ್ಲ."

"ನನ್ನನ್ನು ಒಳಗೆ ಬಿಡುದಿಲ್ಲ. ಆದದ್ದನ್ನು ಹೇಳಿ. ನಿಮಗೆ ಬರುವ ಮಾತಿನಲ್ಲೇ ಹೇಳಿ. ಬರೆದದ್ದನ್ನು ಓದಿಸಿ ಕೇಳಿ, ನೀವು ಹೇಳಿದ್ದೇ ಅಲ್ಲಿ ಉಂಟು ಅಂತಾದರೆ ಮಾತ್ರ ಸೈನ್ ಹಾಕಿ."

ಅವರಿಬ್ಬರೂ ಒಳಗೆ ಹೋದರು. ಈಗ ಅಲ್ಲಿ ತರ್ಜುಮೆಗೆ ಯಾರಿದ್ದಾರೋ ನನಗೆ ಗೊತ್ತಿಲ್ಲ. ಒಳ್ಳೆಯವರೇ ಇರಬಹುದು. ಆದರೂ ಫೋನ್ ತೆಗೆದು, ಅಳಿಸದೆ ಇಟ್ಟುಕೊಂಡಿದ್ದ ಅಕ್ಕನ ನಂಬರಿಗೆ ಒತ್ತಿದೆ. ಯಾಕೆ ಒತ್ತಿದೆನೋ... ಬೇರೆ ಯಾರೋ ಎತ್ತಿದರು, ಅರ್ಥವಾಗದ ಭಾಷೆಯಲ್ಲಿ ಎರಡು ಸಲ ಹಲೋ ಎಂದರು. ಕ್ಷಮಿಸಿ ಎಂದು ಇಟ್ಟೆ. ಹೇಳಲು ಇನ್ನೊಬ್ಬರಿಲ್ಲದ ಸುದ್ದಿಯೊಂದು ಎದೆಯಲ್ಲೇ ಉಳಿಯಿತು.

ಮಗನನ್ನು ಚಿಕಿತ್ಸೆಗೆ ಒಳಗೆ ಬಿಟ್ಟು ತಂದೆ ಒಬ್ಬರೇ ಹೊರಬರುವಾಗ ಅರ್ಧ ಗಂಟೆ ದಾಟಿತ್ತು. ಮುಖ ಬಾಡಿತ್ತು, ಆದರೆ ನೆಟ್ಟಗೆ ನಡೆಯುತ್ತಿದ್ದರು. "ಎರಡು ಸಲ ಓದಿಸಿದೆ" ಎಂದರು.